ಕಸ ಕಡಿಮೆ, ಲೆಕ್ಕ ಸರಿ: ಹವ್ಯಾಸಿ ಓಟವನ್ನು ಬಾಳುವ ಉದ್ಯಮವಾಗಿ ನಡೆಸುವ ಬಗೆ

ಮೊದಲ ವರ್ಷ ಭರ್ಜರಿಯಾಗಿ ನಡೆದ ಎಷ್ಟೋ ಹವ್ಯಾಸಿ ಓಟಗಳು ಮೂರನೆಯ ವರ್ಷಕ್ಕೆ ಕಾಣಿಸುವುದಿಲ್ಲ. ಪ್ರವೇಶ ಶುಲ್ಕದ ದೊಡ್ಡ ಪಾಲು ಟಿ-ಶರ್ಟು, ಚೀಲ, ಬಾಟಲಿ, ಫ್ಲೆಕ್ಸುಗಳಿಗೆ ಹೋಗಿರುತ್ತದೆ. ಆ ಸಾಮಾನಿನಲ್ಲಿ ಬಹಳಷ್ಟು ಅದೇ ಮಧ್ಯಾಹ್ನ ಕಸದ ಗಾಡಿ ಹತ್ತುತ್ತದೆ. ನಡೆಸಿದವರ ತಿಂಗಳುಗಟ್ಟಲೆ ದುಡಿಮೆಗೆ ಕೊನೆಗೆ ಏನೂ ಉಳಿಯುವುದಿಲ್ಲ. ಹಣದ ಸೋರಿಕೆ ಮತ್ತು ಕಸದ ರಾಶಿ ಎರಡೂ ಒಂದೇ ತೂತಿನಿಂದ ಬರುತ್ತವೆ. ಕೇಳದವರಿಗೂ ವಸ್ತು ಹಂಚುವುದೇ ಆ ತೂತು. ಅದನ್ನು ಮುಚ್ಚಿದರೆ ಪರಿಸರ ಮತ್ತು ಗಲ್ಲಾಪೆಟ್ಟಿಗೆ ಒಟ್ಟಿಗೆ ಸುಧಾರಿಸುತ್ತವೆ.

ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರುವುದು 500 ಜನರ ಒಂದು ಓಟ: 10 ಕಿ.ಮೀ.ಗೆ 300 ಮಂದಿ, 5 ಕಿ.ಮೀ.ಗೆ 200 ಮಂದಿ. ವಾಲಿಬಾಲ್, ಬ್ಯಾಡ್ಮಿಂಟನ್‌ನಂಥ ಪಂದ್ಯಾವಳಿ ನಡೆಸುವವರಿಗೆ ಬೇಕಾದ ವ್ಯತ್ಯಾಸಗಳನ್ನು ಕೊನೆಯ ಭಾಗದಲ್ಲಿ ಕೊಟ್ಟಿದೆ.

ಹಂತ 1: ಎಷ್ಟು ಜನ ಬಂದರೆ ನಷ್ಟವಿಲ್ಲ ಎಂದು ಮೊದಲು ತಿಳಿಯಿರಿ

ಹೆಸರು, ಲೋಗೊ, ಪೋಸ್ಟರ್ ಯಾವುದಕ್ಕೂ ಕೈಹಾಕುವ ಮುನ್ನ ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆಯಿರಿ. ಒಂದು, ಜನ ಎಷ್ಟೇ ಬರಲಿ ಬದಲಾಗದ ಖರ್ಚು: ಮೈದಾನದ ಬಾಡಿಗೆ, ಪರವಾನಗಿ, ವೈದ್ಯಕೀಯ ತಂಡ ಮತ್ತು ಆಂಬ್ಯುಲೆನ್ಸ್, ಶೌಚಾಲಯ, ಮೈಕ್ ವ್ಯವಸ್ಥೆ, ಟೈಮಿಂಗ್ ತಂಡ, ಮಾರ್ಗದಲ್ಲಿ ನಿಂತು ದಾರಿ ತೋರುವ ಮಾರ್ಷಲ್‌ಗಳ ಸಂಭಾವನೆ, ಮತ್ತು ತಪ್ಪದೆ ನಿಮ್ಮ ಸಂಬಳ. ಇನ್ನೊಂದು, ತಲೆಗೊಂದರಂತೆ ಬೆಳೆಯುವ ಖರ್ಚು: ಹಣ ಪಾವತಿ ಗೇಟ್‌ವೇ ಕಡಿತ, ಬಿಬ್ (ಎದೆಗೆ ಪಿನ್ ಹಾಕಿಕೊಳ್ಳುವ ಸಂಖ್ಯೆಯ ಹಾಳೆ), ಚಿಪ್ (ಓಟಗಾರನ ಸಮಯ ದಾಖಲಿಸುವ ಸಾಧನ), ಮೆಡಲ್, ನೀರು-ಆಹಾರ, ವಿಮೆ, ತೆರಿಗೆ.

ಪ್ರವೇಶ ಶುಲ್ಕವನ್ನು 100 ಎಂದಿಟ್ಟುಕೊಳ್ಳಿ. ತಲೆಖರ್ಚು 40 ಆದರೆ ಒಬ್ಬ ಓಟಗಾರನಿಂದ ಉಳಿಯುವುದು 60. ಸ್ಥಿರ ಖರ್ಚು 18,000 ಇದ್ದರೆ 18,000 ÷ 60 = 300 ಜನಕ್ಕೆ ಲೆಕ್ಕ ಸಮ. ಈಗ ಎಲ್ಲರಿಗೂ 25ರ ಟಿ-ಶರ್ಟು ಸೇರಿಸಿ. ಉಳಿತಾಯ 35ಕ್ಕೆ ಇಳಿಯುತ್ತದೆ, ಸಮವಾಗಲು 515 ಜನ ಬೇಕಾಗುತ್ತಾರೆ. ಅಂದರೆ ಬಟ್ಟೆಯೊಂದಕ್ಕೋಸ್ಕರ ನೀವು ಹೆಚ್ಚುವರಿ 215 ಜನರನ್ನು ಹುಡುಕಿ ತರಬೇಕು. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿ ನೋಡಿ. ಫಲಿತಾಂಶದ ದಿಕ್ಕು ಮಾತ್ರ ಹೆಚ್ಚು ಬದಲಾಗದು.

‘ಅರ್ಲಿ ಬರ್ಡ್’ ರಿಯಾಯಿತಿಯನ್ನೂ ಇದೇ ಹಾಳೆಯಲ್ಲಿ ಪರೀಕ್ಷಿಸಿ. ಮೊದಲ 150 ಜನರಿಗೆ ಶುಲ್ಕ 80 ಮಾಡಿದರೆ ಅವರಿಂದ ಉಳಿಯುವುದು ತಲಾ 40, ಒಟ್ಟು 6,000. ಮಿಕ್ಕ 12,000ಕ್ಕೆ ಪೂರ್ತಿ ಶುಲ್ಕದ 200 ಜನ ಬೇಕು. ಸಮಬಿಂದು 300ರಿಂದ 350ಕ್ಕೆ ಹೋಯಿತು. ರಿಯಾಯಿತಿ ಕೊಡಬಾರದೆಂದಲ್ಲ, ಬೇಗ ಬಂದ ನೋಂದಣಿಯಿಂದ ಸಾಮಾನು ಸರಿಯಾಗಿ ಎಣಿಸಿ ತರಿಸಬಹುದು, ಅದಕ್ಕೂ ಬೆಲೆಯಿದೆ. ಆದರೆ ಲೆಕ್ಕ ಹಾಕದೆ ಕೊಟ್ಟ ರಿಯಾಯಿತಿ ಎಂದರೆ ನಿಮ್ಮ ಸಂಬಳದ ದಾನ.

ಸ್ಪಾನ್ಸರ್ ಹಣವನ್ನು ಈ ಹಾಳೆಗೆ ತರಬೇಡಿ. ಪ್ರವೇಶ ಶುಲ್ಕದಿಂದಲೇ ಓಟ ನಿಲ್ಲಬೇಕು. ಸ್ಪಾನ್ಸರ್ ಬಂದರೆ ಆ ಹಣ ಮೀಸಲು ನಿಧಿಗೆ ಅಥವಾ ವರ್ಷಗಟ್ಟಲೆ ಬಾಳುವ ಸಾಮಾನಿಗೆ ಹೋಗಲಿ. ಸ್ಪಾನ್ಸರ್ ಕೊನೆಯ ತಿಂಗಳು ಕೈಕೊಟ್ಟಾಗ ಮುಳುಗುವುದು ಅವರನ್ನು ನಂಬಿ ಶುಲ್ಕ ಇಳಿಸಿದ ಓಟಗಳೇ.

ಇನ್ನೊಂದು ಶಿಸ್ತು: ನೋಂದಣಿ ಹಣ ಓಟ ಮುಗಿಯುವ ತನಕ ನಿಮ್ಮದಲ್ಲ. ಬೇರೆ ಬ್ಯಾಂಕ್ ಖಾತೆಯಲ್ಲಿಡಿ. ಓಟ ರದ್ದಾದರೆ ಎಷ್ಟು ಹಿಂದಿರುಗಿಸುತ್ತೀರಿ, ಹೆಸರು ಬದಲಾವಣೆಗೆ ಕೊನೆಯ ದಿನ ಯಾವುದು, ಮುಂದಿನ ಆವೃತ್ತಿಗೆ ವರ್ಗಾವಣೆ ಇದೆಯೇ ಎಂಬ ಮೂರನ್ನು ನೋಂದಣಿ ತೆರೆಯುವ ಮುಂಚೆಯೇ ಬರೆದು ಹಾಕಿ. ಹೆಸರು ಬದಲಾವಣೆಗೆ ಅವಕಾಶ ಕೊಟ್ಟರೆ ಬಿಬ್ ಕೊಂಡು ಬಾರದವರ ಸಂಖ್ಯೆ ತಗ್ಗುತ್ತದೆ, ಅದರ ಜೊತೆ ವ್ಯರ್ಥವಾಗುವ ಆಹಾರವೂ.

ಹಂತ 2: ಅರ್ಧ ಕೆಲಸ ಮುಗಿಸಿಕೊಡುವ ಜಾಗ ಆರಿಸಿ

ಅತಿ ಹೆಚ್ಚು ಉಳಿತಾಯ ಆಗುವುದು ಜಾಗದ ಆಯ್ಕೆಯಲ್ಲಿ. ಕಾಯಂ ಶೌಚಾಲಯ, ಕುಡಿಯುವ ನೀರಿನ ನಲ್ಲಿ, ವಿದ್ಯುತ್ ಸಂಪರ್ಕ, ನಡೆದು ಬರುವಷ್ಟು ದೂರದಲ್ಲಿ ಬಸ್ಸು ಅಥವಾ ರೈಲು ನಿಲ್ದಾಣ. ಈ ನಾಲ್ಕು ಇರುವ ಶಾಲೆ, ಕಾಲೇಜು ಅಥವಾ ಕ್ರೀಡಾಂಗಣ ಸಿಕ್ಕರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಒಪ್ಪಿಕೊಳ್ಳಿ. ನೋಟ ಚೆನ್ನಾಗಿದೆ ಎಂದು ಬಯಲು ಆರಿಸಿದರೆ ಜನರೇಟರ್, ಟ್ಯಾಂಕರ್, ತಾತ್ಕಾಲಿಕ ಶೌಚಾಲಯಗಳ ಬಾಡಿಗೆ ಆ ನೋಟದ ಬೆಲೆಯಾಗಿ ಬರುತ್ತದೆ.

ಶೌಚಾಲಯದ ಲೆಕ್ಕ ಹೀಗೆ. ಓಟ ಶುರುವಾಗುವ ಮುನ್ನಿನ ಒಂದು ಗಂಟೆಯಲ್ಲಿ ಶೇ. 80ರಷ್ಟು ಜನ ಹೋಗುತ್ತಾರೆ ಎಂದು ಭಾವಿಸಿ: 400 ಜನ. ಒಬ್ಬರಿಗೆ 2 ನಿಮಿಷ ಹಿಡಿದರೆ ಒಂದು ಶೌಚಾಲಯ ಗಂಟೆಗೆ 30 ಜನರಿಗಾಗುತ್ತದೆ. 400 ÷ 30, ಅಂದರೆ 14 ಬೇಕು. ಸ್ಥಳದಲ್ಲಿ 8 ಇದ್ದರೆ ಬಾಡಿಗೆಗೆ ತರಬೇಕಾದದ್ದು 6. ಇದನ್ನು ಕಡಿಮೆ ಮಾಡಿದರೆ ಸಾಲಿನಲ್ಲಿ ನಿಂತವರಿಗಾಗಿ ಓಟವೇ ತಡವಾಗುತ್ತದೆ, ಬಿಸಿಲು ಏರುತ್ತದೆ, ನೀರಿನ ಲೆಕ್ಕ ತಪ್ಪುತ್ತದೆ. 10 ಕಿ.ಮೀ. ಮತ್ತು 5 ಕಿ.ಮೀ. ಓಟಗಳನ್ನು 30 ನಿಮಿಷ ಅಂತರದಲ್ಲಿ ಬಿಟ್ಟರೆ ಶೌಚಾಲಯದ ಸಾಲು ಕರಗುತ್ತದೆ. ಅಷ್ಟು ಅಂತರ ಸಾಧ್ಯವಾಗದಿದ್ದರೂ 10 ನಿಮಿಷ ಇದ್ದೇ ಇರಲಿ.

ಮಾರ್ಗ ಹೋಗಿ-ಬರುವ ಬಗೆಯದಾಗಿರಲಿ. 2.5 ಕಿ.ಮೀ.ನಲ್ಲಿಟ್ಟ ಒಂದು ನೀರಿನ ಟೇಬಲ್ ಹಿಂದಿರುಗುವಾಗ 7.5 ಕಿ.ಮೀ.ಗೂ ಆಗುತ್ತದೆ, ಅದೇ ಜಾಗ 5 ಕಿ.ಮೀ. ಓಟದ ತಿರುವೂ ಆಗುತ್ತದೆ. ದೊಡ್ಡ ಸುತ್ತು ಹಾಕಿಸುವ ಮಾರ್ಗದಲ್ಲಿ ಟೇಬಲ್, ಮಾರ್ಷಲ್, ಸಾಗಣೆ ಎಲ್ಲ ಸುಮಾರು ಎರಡರಷ್ಟಾಗುತ್ತವೆ. ಒಂದೇ ತೊಂದರೆ ರಸ್ತೆಯ ಅಗಲ. ಎದುರುಬದುರು ಓಡುವವರ ನಡುವೆ ಕೋನ್ ಇಟ್ಟು ದಾರಿ ಬೇರ್ಪಡಿಸಲಾಗದಷ್ಟು ಕಿರಿದಾದ ರಸ್ತೆಗೆ ಈ ಬಗೆ ಬೇಡ.

ದೂರವನ್ನು ಫೋನಿನ ನಕ್ಷೆಯಿಂದ ಅಳೆಯಬೇಡಿ. ರಸ್ತೆ ಓಟಗಳನ್ನು ಅಳೆಯುವ ಒಪ್ಪಿತ ವಿಧಾನ ಸೈಕಲ್ ಚಕ್ರಕ್ಕೆ ಕಟ್ಟುವ, ಸುತ್ತುಗಳನ್ನು ಎಣಿಸುವ ಜೋನ್ಸ್ ಕೌಂಟರ್. ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯಲ್ಲಿ ಅದನ್ನು ಮೊದಲು ಹೊಂದಿಸಿ, ನಂತರ ತಿರುವಿನ ಅಂಚಿನಿಂದ 30 ಸೆಂ.ಮೀ. ದೂರದಲ್ಲಿ, ಓಟಗಾರ ಓಡಬಹುದಾದ ಅತಿ ಹತ್ತಿರದ ದಾರಿಯಲ್ಲಿ ಸೈಕಲ್ ಹೊಡೆಯಬೇಕು. ಮಾರ್ಗ ಚಿಕ್ಕದಾಗದಂತೆ ಕಿಲೋಮೀಟರಿಗೆ 1 ಮೀಟರ್ ಸೇರಿಸುತ್ತಾರೆ, ಹಾಗಾಗಿ 10 ಕಿ.ಮೀ. ಎಂದರೆ 10,010 ಮೀಟರ್ ಗುರುತು. ಓಟ ಮುಗಿದ ಮೇಲೆ ‘ನನ್ನ ವಾಚು 10.2 ತೋರಿಸಿತು’ ಎನ್ನುವವರು ಇದ್ದೇ ಇರುತ್ತಾರೆ. ಜಿಪಿಎಸ್ ಏರುಪೇರು ಮತ್ತು ಅಡ್ಡಾದಿಡ್ಡಿ ಓಟ ಸೇರಿ ವಾಚು ಸಾಮಾನ್ಯವಾಗಿ ಹೆಚ್ಚೇ ತೋರಿಸುತ್ತದೆ. ಅವರ ಮಾತಿಗೆ ಗುರುತು ಸರಿಸಬೇಡಿ.

ಹಂತ 3: ಕೇಳಿದವರಿಗೆ ಮಾತ್ರ ಕೊಡಿ

ನೋಂದಣಿ ಫಾರ್ಮಿನಲ್ಲಿ ಟಿ-ಶರ್ಟು ಮತ್ತು ಮೆಡಲ್ ಎರಡನ್ನೂ ‘ಬೇಕು’ ಎಂದು ಒತ್ತಿದರಷ್ಟೇ ಸೇರುವಂತೆ ಮಾಡಿ. ಮೊದಲೇ ಟಿಕ್ ಹಾಕಿಟ್ಟು ‘ಬೇಡವಾದರೆ ತೆಗೆಯಿರಿ’ ಎನ್ನುವುದು ಸಲ್ಲದು. ಹೆಚ್ಚಿನವರು ಓದದೆ ಮುಂದೆ ಹೋಗುತ್ತಾರೆ. ಟಿ-ಶರ್ಟಿಗೆ ಪ್ರತ್ಯೇಕ ಬೆಲೆ ಇಟ್ಟರೆ ಅದು ಖರ್ಚಿನ ಸಾಲಿನಿಂದ ಆದಾಯದ ಸಾಲಿಗೆ ಬರುತ್ತದೆ. ಒಂದು ಹತ್ತಿ ಟಿ-ಶರ್ಟಿಗೆ ಹತ್ತಿ ಬೆಳೆಯುವುದರಿಂದ ಹಿಡಿದು ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜು ವ್ಯಾಪಕವಾಗಿ ಬಳಕೆಯಲ್ಲಿದೆ. ಕಪಾಟಿನಲ್ಲಿ ಈಗಾಗಲೇ ಹತ್ತು ಓಟದ ಟಿ-ಶರ್ಟು ಇರುವವರಿಗೆ ಹನ್ನೊಂದನೆಯದು ಬೇಕಿರುವುದಿಲ್ಲ.

ಅಳತೆಯ ಗೊಂದಲ ದುಬಾರಿಯಾದದ್ದು. ಎಸ್, ಎಂ, ಎಲ್ ಎಂದಷ್ಟೇ ಕೇಳಿದರೆ ಒಬ್ಬ ತಯಾರಕರ ಎಂ ಇನ್ನೊಬ್ಬರ ಎಲ್ ಆಗಿರುತ್ತದೆ. ಎದೆಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಕೊಟ್ಟು ಆರಿಸಲು ಹೇಳಿ. ಟಿ-ಶರ್ಟು ಆಯ್ಕೆಯನ್ನು ಓಟಕ್ಕೆ ಐದಾರು ವಾರ ಮೊದಲು ಮುಚ್ಚಿ, ಬಂದಷ್ಟೇ ಹೊಲಿಸಿ. ‘ಕೊನೆಗೆ ಬಂದವರಿಗಿರಲಿ’ ಎಂದು ತರಿಸಿದ ಹೆಚ್ಚುವರಿ ರಾಶಿಯಲ್ಲಿ ಕೊನೆಗೆ ಉಳಿಯುವುದು ಯಾರಿಗೂ ಹಿಡಿಯದ ಅಳತೆಗಳು.

ಮೆಡಲ್, ಬ್ಯಾನರ್, ಕಮಾನು, ದಿಕ್ಕಿನ ಫಲಕ, ಮಾರ್ಷಲ್ ಜಾಕೆಟ್ ಯಾವುದರ ಮೇಲೂ ವರ್ಷ, ದಿನಾಂಕ, ಆವೃತ್ತಿ ಸಂಖ್ಯೆ ಅಚ್ಚು ಹಾಕಿಸಬೇಡಿ. ದಿನಾಂಕವಿಲ್ಲದ ಮೆಡಲ್ ಉಳಿದರೆ ಮುಂದಿನ ಓಟಕ್ಕಾಗುತ್ತದೆ. ವರ್ಷ ಬೇಕೇಬೇಕು ಎನ್ನುವವರಿಗೆ ರಿಬ್ಬನ್ ಮೇಲೆ ಬಟ್ಟೆಯ ಪಟ್ಟಿ ಹೊಲಿಸಿ, ಅಥವಾ ಮೆಡಲ್ ಹಿಂಬದಿಗೆ ಹೆಸರು-ಸಮಯ ಕೆತ್ತಿಕೊಡುವ ಸೇವೆಗೆ ಹಣ ತೆಗೆದುಕೊಳ್ಳಿ. ಸ್ಪಾನ್ಸರ್ ಹೆಸರನ್ನು ಮುಖ್ಯ ಬ್ಯಾನರಿಗೆ ಅಚ್ಚು ಹಾಕದೆ ವೆಲ್ಕ್ರೊ ಪಟ್ಟಿಯಿಂದ ಅಂಟಿಸುವ ಪ್ರತ್ಯೇಕ ತುಂಡಾಗಿಸಿದರೆ, ಸ್ಪಾನ್ಸರ್ ಬದಲಾದಾಗ ಬದಲಾಗುವುದು ಆ ತುಂಡು ಮಾತ್ರ.

ಬಿಬ್ ಜೊತೆ ಉಚಿತ ಸಾಮಾನು ತುಂಬಿ ಕೊಡುವ ‘ಗುಡಿ ಬ್ಯಾಗ್’ ಚೀಲವನ್ನು ಪೂರ್ತಿ ಬಿಟ್ಟುಬಿಡಿ. ಅದರಲ್ಲಿರುವುದು ಹೆಚ್ಚಾಗಿ ಜಾಹೀರಾತು ಚೀಟಿಗಳು, ಬಿಬ್ ಪಡೆದ ಜಾಗದಿಂದ ಹತ್ತು ಹೆಜ್ಜೆಯೊಳಗೆ ಅವು ನೆಲಕ್ಕೆ ಬೀಳುತ್ತವೆ.

ಹಂತ 4: ಬಿಬ್ ಮತ್ತು ಸಮಯ

ಎಲ್ಲರಿಗೂ ಚಿಪ್ ಬೇಕಿಲ್ಲ. 10 ಕಿ.ಮೀ.ಗೆ ಚಿಪ್ ಇಟ್ಟು 5 ಕಿ.ಮೀ.ಗೆ ಬಿಟ್ಟರೆ ತಲೆಖರ್ಚು ಇಳಿಯುತ್ತದೆ. ಚಿಪ್ ಇಲ್ಲದೆಯೂ ಸಮಯ ಕೊಡಲು ಸುಲಭ ದಾರಿಯಿದೆ. 2004ರ ಅಕ್ಟೋಬರ್ 2ರಂದು ಲಂಡನ್‌ನ ಬುಶಿ ಪಾರ್ಕಿನಲ್ಲಿ 13 ಓಟಗಾರರೊಂದಿಗೆ ಶುರುವಾದ ಪಾರ್ಕ್‌ರನ್ ಇಂದು ಹಲವು ದೇಶಗಳಲ್ಲಿ ವಾರವಾರವೂ ನಡೆಯುತ್ತದೆ. ಅಲ್ಲಿ ಓಟಗಾರರು ತಮ್ಮ ಬಾರ್‌ಕೋಡನ್ನು ತಾವೇ ತರುತ್ತಾರೆ. ಮುಕ್ತಾಯದಲ್ಲಿ ಸ್ಥಾನದ ಸಂಖ್ಯೆಯಿರುವ ಟೋಕನ್ ಪಡೆದು ಎರಡನ್ನೂ ಸ್ಕ್ಯಾನ್ ಮಾಡಿಸಿ ಟೋಕನ್ ವಾಪಸ್ ಕೊಡುತ್ತಾರೆ. ಸ್ಟಾಪ್‌ವಾಚ್ ಒತ್ತುವವರು ಒಬ್ಬರು, ಟೋಕನ್ ಕೊಡುವವರು ಒಬ್ಬರು, ಸ್ಕ್ಯಾನ್ ಮಾಡುವವರು ಇಬ್ಬರು-ಮೂವರು. ಬಿಸಾಡುವ ವಸ್ತು ಒಂದೂ ಇಲ್ಲ. ಈ ವಿಧಾನ ಕೆಡುವುದು ಒಂದೇ ಜಾಗದಲ್ಲಿ: ಗೆರೆ ದಾಟಿದ ಮೇಲಿನ ಹಗ್ಗದ ಓಣಿಯಲ್ಲಿ ಜನ ಒಬ್ಬರನ್ನೊಬ್ಬರು ದಾಟಿದರೆ ಅಲ್ಲಿಂದ ಮುಂದಿನ ಫಲಿತಾಂಶವೆಲ್ಲ ಹಿಂದುಮುಂದಾಗುತ್ತದೆ. ಓಣಿ ಒಬ್ಬರ ಅಗಲ ಇರಲಿ, ಸಾಕಷ್ಟು ಉದ್ದವಿರಲಿ, ಒಳಗೆ ಫೋಟೊ ಬೇಡ.

ಚಿಪ್ ಬಳಸುವುದಾದರೆ ಬಿಬ್ ಹಿಂದೆ ಅಂಟಿಸುವ ಯುಎಚ್ಎಫ್ (ಅತಿ ಹೆಚ್ಚು ಆವರ್ತನದ ರೇಡಿಯೊ) ಟ್ಯಾಗ್‌ಗೆ ಬ್ಯಾಟರಿ ಇರುವುದಿಲ್ಲ, ಗೆರೆಯಲ್ಲಿ ನೆಲಕ್ಕೆ ಹಾಸಿದ ಮ್ಯಾಟ್ ಕಳಿಸುವ ರೇಡಿಯೊ ಅಲೆಯಿಂದಲೇ ಅದು ಕೆಲಸ ಮಾಡುತ್ತದೆ. ಆ ಅಲೆಯನ್ನು ನೀರು ಹೀರುತ್ತದೆ. ಬೆವರಿನಿಂದ ಒದ್ದೆಯಾಗಿ ಮೈಗೆ ಅಂಟಿಕೊಂಡ ಟ್ಯಾಗ್ ಓದಿಸಿಕೊಳ್ಳದೆ ಹೋಗಬಹುದು. ಅದಕ್ಕೇ ಟ್ಯಾಗ್ ಕೆಳಗೆ ತೆಳು ಫೋಮ್ ಪಟ್ಟಿ ಇರುತ್ತದೆ, ಅದನ್ನು ಕೀಳಬಾರದು. ಬಿಬ್ ಮಡಚಬಾರದು, ಎದೆಯ ಮುಂದೆಯೇ ಧರಿಸಬೇಕು, ಮೇಲೆ ಬೆಲ್ಟ್-ಬಾಟಲಿ ಬರಬಾರದು ಎಂದು ಬಿಬ್ ಮೇಲೆಯೇ ಚಿತ್ರ ಹಾಕಿ. ಮುಕ್ತಾಯದ ಮ್ಯಾಟ್ ಕೈಕೊಟ್ಟರೆ ಆಸರೆಗೆ ವಿಡಿಯೊ ಕ್ಯಾಮೆರಾವನ್ನು ಗೆರೆಯತ್ತ ತಿರುಗಿಸಿಡಿ. ಮತ್ತೆ ಮತ್ತೆ ಬಳಸುವ ಶೂ ಚಿಪ್ ಕಸ ಕಡಿಮೆ ಮಾಡುತ್ತದೆ ನಿಜ, ಆದರೆ ಮುಕ್ತಾಯದಲ್ಲಿ ಬಿಚ್ಚಿಸಿಕೊಳ್ಳುವ ಆಳು ಇಲ್ಲದಿದ್ದರೆ ಕಳೆದ ಚಿಪ್‌ಗಳ ದಂಡವೇ ಲಾಭವನ್ನು ತಿನ್ನುತ್ತದೆ. ಮೆಡಲನ್ನು ಚಿಪ್ ಕೊಟ್ಟ ಮೇಲೆ ಕೈಗಿಡುವ ಕ್ರಮ ಇಟ್ಟರೆ ಈ ತೊಂದರೆ ಬಹುಪಾಲು ನೀಗುತ್ತದೆ.

ಒಬ್ಬರಿಗೆ 4 ಪಿನ್ನಿನಂತೆ 500 ಜನರಿಗೆ 2,000 ಪಿನ್. ಮುಕ್ತಾಯದಲ್ಲಿ ಒಂದು ಬಟ್ಟಲಿಟ್ಟರೆ ಸಾಕಷ್ಟು ವಾಪಸ್ ಬರುತ್ತವೆ.

ಹಂತ 5: ನೀರಿನ ಟೇಬಲ್

ಕಸ ಹೆಚ್ಚು ಹುಟ್ಟುವ, ದೂರೂ ಹೆಚ್ಚು ಹುಟ್ಟುವ ಜಾಗ ಇದು. ಮೊದಲು ಪ್ರಮಾಣ. ಒಂದು ನಿಲುಗಡೆಗೆ ಒಬ್ಬರಿಗೆ 150 ಮಿ.ಲೀ., ಮುಕ್ತಾಯದಲ್ಲಿ 400 ಮಿ.ಲೀ. ಎಂದಿಟ್ಟುಕೊಳ್ಳಿ.

10 ಕಿ.ಮೀ.: 300 ಜನ × 3 ನಿಲುಗಡೆ × 150 ಮಿ.ಲೀ. = 135 ಲೀಟರ್
5 ಕಿ.ಮೀ.: 200 ಜನ × 1 ನಿಲುಗಡೆ × 150 ಮಿ.ಲೀ. = 30 ಲೀಟರ್
ಮುಕ್ತಾಯ: 500 ಜನ × 400 ಮಿ.ಲೀ. = 200 ಲೀಟರ್

ಒಟ್ಟು 365. ಬಿಸಿಲು, ಚೆಲ್ಲಿಕೆ ಸೇರಿ ಕಾಲುಪಾಲು ಹೆಚ್ಚಿಸಿದರೆ ಸುಮಾರು 456 ಲೀಟರ್, ಅಂದರೆ 20 ಲೀಟರಿನ 23 ಕ್ಯಾನ್. ಅರ್ಧ ಲೀಟರಿನ ಬಾಟಲಿ ಹಂಚಿದರೆ ಇದೇ ನೀರಿಗೆ 900ಕ್ಕೂ ಹೆಚ್ಚು ಬಾಟಲಿ ಬೇಕಾಗುತ್ತವೆ, ಅವುಗಳಲ್ಲಿ ಅರೆಬರೆ ಕುಡಿದು ಎಸೆದವೇ ಹೆಚ್ಚು.

‘ಕಪ್ ಇಲ್ಲದ ಓಟ’ ಈಗ ಕಾಡುದಾರಿಯ ಓಟಗಳಲ್ಲಿ ರೂಢಿಯಾಗಿದೆ. ಓಟಗಾರರು ತಮ್ಮ ಬಾಟಲಿ ಅಥವಾ ಮಡಚುವ ಕಪ್ ತಂದು ತುಂಬಿಸಿಕೊಳ್ಳುತ್ತಾರೆ. ರಸ್ತೆ ಓಟಕ್ಕೆ ಅದನ್ನು ಹಾಗೇ ತಂದರೆ ಕೆಡುತ್ತದೆ. ಏಕೆಂದರೆ 2.5 ಕಿ.ಮೀ. ಗುರುತನ್ನು ಕಿಲೋಮೀಟರಿಗೆ 4 ನಿಮಿಷದ ವೇಗದವರು 10ನೇ ನಿಮಿಷಕ್ಕೆ, 9 ನಿಮಿಷದ ವೇಗದವರು 22ನೇ ನಿಮಿಷದ ಆಚೀಚೆ ದಾಟುತ್ತಾರೆ. 500 ಜನ ಒಟ್ಟಿಗೆ ಹೊರಟಿದ್ದರೆ ಹನ್ನೆರಡು-ಹದಿಮೂರು ನಿಮಿಷದಲ್ಲಿ ಎಲ್ಲರೂ ಬಂದು ಹೋಗುತ್ತಾರೆ, ನಿಮಿಷಕ್ಕೆ ಸರಾಸರಿ 40 ಜನ. ಒಂದು ನಲ್ಲಿಯಿಂದ ತುಂಬಿಸಿಕೊಳ್ಳಲು 15 ಸೆಕೆಂಡ್ ಬೇಕಾದರೆ ನಾಲ್ಕು ನಲ್ಲಿಗೆ ನಿಮಿಷಕ್ಕೆ 16 ಜನ ಮಾತ್ರ. ಹಾಗಾಗಿ ಮೊದಲ ಟೇಬಲಿನಲ್ಲಿ ತುಂಬಿಟ್ಟ ಕಪ್ ಇರಲೇಬೇಕು. ಜನ ಚದುರಿರುವ 5 ಕಿ.ಮೀ. ತಿರುವು ಮತ್ತು ಮುಕ್ತಾಯದಲ್ಲಿ ನಲ್ಲಿ ಸಾಕು.

ಕಪ್ ಯಾವುದು? ಕಾಗದದ ಕಪ್ಪಿನ ಒಳಗೆ ಪ್ಲಾಸ್ಟಿಕ್ ಪದರ ಇರುವುದರಿಂದ ಮಾಮೂಲಿ ಕಾಗದದ ಮರುಬಳಕೆಗೆ ಅದು ಹೋಗುವುದಿಲ್ಲ. ‘ಕಾಂಪೋಸ್ಟೆಬಲ್’ ಎಂದು ಮಾರುವ ಪಿಎಲ್ಎ (ಸಸ್ಯಮೂಲದ ಪ್ಲಾಸ್ಟಿಕ್) ಕಪ್ ಕರಗಲು ಸುಮಾರು 60 ಡಿಗ್ರಿ ಶಾಖವಿರುವ ಕೈಗಾರಿಕಾ ಕಾಂಪೋಸ್ಟ್ ಘಟಕ ಬೇಕು. ಮನೆ ಹಿತ್ತಿಲ ಗೊಬ್ಬರದ ಗುಂಡಿಯಲ್ಲಿ ಅದು ಹಾಗೇ ಉಳಿಯುತ್ತದೆ, ಪೆಟ್ ಬಾಟಲಿಗಳ ಜೊತೆ ಸೇರಿದರೆ ಆ ಮರುಬಳಕೆಯನ್ನೂ ಕೆಡಿಸುತ್ತದೆ. ಅಂಥ ಘಟಕ ನಿಮ್ಮ ಕಸ ತೆಗೆದುಕೊಳ್ಳುತ್ತದೆಂದು ಬರಹದಲ್ಲಿ ಸಿಗದ ಹೊರತು ಆ ಹೆಚ್ಚಿನ ಬೆಲೆ ದಂಡ. ಉಳಿಯುವುದು ತೊಳೆದು ಮರುಬಳಸುವ, ಪಾಲಿಪ್ರೊಪಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕಪ್.

ಇದಕ್ಕೂ ಷರತ್ತಿದೆ. ಗಟ್ಟಿ ಕಪ್ಪಿನಲ್ಲಿ ಪ್ಲಾಸ್ಟಿಕ್ ಹೆಚ್ಚು, ಒಂದೆರಡು ಸಲ ಬಳಸಿ ಕಳೆದುಹೋದರೆ ಕಾಗದದ ಕಪ್ಪಿಗಿಂತ ಅದೇ ಕೆಟ್ಟದ್ದು. ಕೊಳ್ಳುವ ಬದಲು ತೊಳೆದು ಕೊಡುವವರಿಂದ ಬಾಡಿಗೆಗೆ ತರುವುದು ಮೇಲು, ಅಥವಾ ನಾಲ್ಕೈದು ಓಟದ ಆಯೋಜಕರು ಸೇರಿ ಕೊಂಡು ಸುತ್ತಿನಲ್ಲಿ ಬಳಸಬಹುದು. ಟೇಬಲಿನ ಬಳಿ ತೊಳೆದು ಮತ್ತೆ ಕೊಡುವ ಯೋಚನೆ ಬೇಡ, ಸಮಯ ಸಾಲದು. ಪ್ರತಿ ನಿಲುಗಡೆಗೂ ಒಂದು ಕಪ್ಪಿನಂತೆ ಎಣಿಸಿ: ಮೊದಲ ಟೇಬಲಿಗೆ 300 × 2 ಮತ್ತು 200, ಒಟ್ಟು 800; ತಿರುವಿನಲ್ಲೂ ಕಪ್ ಕೊಡುವುದಾದರೆ ಇನ್ನು 300. ಶೇ. 10 ಹೆಚ್ಚುವರಿ. ಓಟದ ಮುನ್ನ ಮತ್ತು ನಂತರ ಎಣಿಸಿ ಎಷ್ಟು ಕಳೆಯಿತೆಂದು ಬರೆದಿಡಿ. ತೊಳೆದ ಕಪ್ ಪೂರ್ತಿ ಒಣಗುವ ಮೊದಲು ಒಂದರೊಳಗೊಂದು ಜೋಡಿಸಿದರೆ ವಾಸನೆ, ಬೂಷ್ಟು ಹಿಡಿದು ಇಡೀ ಕಂತೆ ಹಾಳು.

ಟೇಬಲ್ ಜೋಡಣೆಯಲ್ಲಿ ಎರಡು ಗುಟ್ಟು. ಒಂದು ನಿಲುಗಡೆಯಲ್ಲಿ ಹಲವು ಟೇಬಲ್ ಇದ್ದರೂ ಜನ ಮೊದಲನೆಯದಕ್ಕೇ ಮುಗಿಬೀಳುತ್ತಾರೆ, ಆದ್ದರಿಂದ ಒಂದೇ ಉದ್ದ ಸಾಲಿನ ಬದಲು ಮಧ್ಯೆ 10 ಮೀಟರ್ ಬಿಟ್ಟು ಇಟ್ಟು, ಮೊದಲಿನಲ್ಲೇ ‘ಮುಂದೆಯೂ ನೀರಿದೆ’ ಎಂದು ಫಲಕ ಹಾಕಿ. ಓಡುತ್ತಲೇ ಕುಡಿಯುವವರು ಕಪ್ ಬಿಡುವುದು ಟೇಬಲಿನ ಬಳಿಯಲ್ಲ. ಕೊನೆಯ ಟೇಬಲಿನಿಂದ 25 ಮೀಟರಿಗೆ ಮೊದಲ ಡಬ್ಬ, 60ಕ್ಕೆ ಎರಡನೆಯದು, 100-120ಕ್ಕೆ ‘ಕೊನೆಯ ಡಬ್ಬ’ ಎಂದು ಬರೆದ ಅಗಲ ಬಾಯಿಯದು. ಡಬ್ಬ ಟೇಬಲಿಗೆ ಅಂಟಿಕೊಂಡೇ ಇದ್ದರೆ ಕಪ್ ಚರಂಡಿಯಲ್ಲಿ ಸಿಗುತ್ತದೆ.

ಖರ್ಚು ಉಳಿಸಲು ನೀರಿನ ಪ್ರಮಾಣಕ್ಕೆ ಕೈ ಹಾಕಬೇಡಿ. ಹಾಗೆಯೇ ವೈದ್ಯಕೀಯ ವ್ಯವಸ್ಥೆಗೂ. ಹೃದಯ ನಿಂತವರಿಗೆ ಶಾಕ್ ಕೊಡುವುದು ಒಂದು ನಿಮಿಷ ತಡವಾದರೆ ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಮಾರ್ಗದ ಯಾವ ಜಾಗಕ್ಕಾದರೂ 3-5 ನಿಮಿಷದೊಳಗೆ ಎಇಡಿ (ಆ ಶಾಕ್ ಕೊಡುವ, ಕೈಯಲ್ಲಿ ಒಯ್ಯಬಹುದಾದ ಯಂತ್ರ) ತಲುಪುವಂತೆ ಸೈಕಲ್ ಮೇಲೆ ಒಬ್ಬರನ್ನಿಡಿ. ಬಿಸಿಲಾಘಾತವಾದವರನ್ನು ಆಸ್ಪತ್ರೆಗೆ ಸಾಗಿಸುವ ಮೊದಲು ತಣ್ಣೀರ ತೊಟ್ಟಿಯಲ್ಲಿ ಕೂರಿಸಿ ತಂಪು ಮಾಡಬೇಕು, ಅದಕ್ಕೆ ಐಸ್ ಮತ್ತು ತೊಟ್ಟಿ ಮುಕ್ತಾಯದಲ್ಲಿರಲಿ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸೂಚಿಸಿದ ಮಿತಿಯಂತೆ ಡಬ್ಲ್ಯುಬಿಜಿಟಿ ಮಾಪನ 28 ಡಿಗ್ರಿ ಮೀರಿದರೆ ಓಟ ನಿಲ್ಲಿಸುವ ಅಥವಾ ಮುಂದೂಡುವ ಮಾತು. ಇದು ಮಾಮೂಲಿ ಉಷ್ಣತೆಯಲ್ಲ. ತೇವಾಂಶ, ಬಿಸಿಲು, ಗಾಳಿ ಎಲ್ಲ ಸೇರಿದ ಅಳತೆ.

ಹಂತ 6: ಜನ ಹೇಗೆ ಬರುತ್ತಾರೆ

ಕಪ್ಪಿನ ಬಗ್ಗೆ ಅಷ್ಟೆಲ್ಲ ತಲೆಕೆಡಿಸಿಕೊಂಡ ಮೇಲೆ ಈ ಲೆಕ್ಕ ನೋಡಿ. 200 ಕಾರು, ಹೋಗಿಬರಲು 40 ಕಿ.ಮೀ., ಲೀಟರಿಗೆ 15 ಕಿ.ಮೀ. ಎಂದರೆ 533 ಲೀಟರ್ ಪೆಟ್ರೋಲ್. ಲೀಟರಿಗೆ 2.3 ಕಿಲೊ ಇಂಗಾಲದ ಡೈಆಕ್ಸೈಡ್‌ನಂತೆ 1,200 ಕಿಲೊಗೂ ಮಿಗಿಲು. ಮುಂಜಾನೆಯೆಲ್ಲ ಓಡಿದ ಜನರೇಟರ್ 20 ಲೀಟರ್ ಡೀಸೆಲ್ ಕುಡಿದರೂ ಲೀಟರಿಗೆ 2.7 ಕಿಲೊನಂತೆ 54 ಕಿಲೊ. ಪ್ರಯಾಣದ ಮುಂದೆ ಮಿಕ್ಕದ್ದೆಲ್ಲ ಚಿಲ್ಲರೆ.

ಇದನ್ನು ಇಳಿಸುವ ಅತಿ ಸುಲಭ ಉಪಾಯ ಹಿಂದಿನ ದಿನದ ಬಿಬ್ ವಿತರಣೆಯನ್ನು ನಿಲ್ಲಿಸುವುದು. ಅದಕ್ಕಾಗಿ ಪ್ರತಿಯೊಬ್ಬರೂ ಇನ್ನೊಂದು ಸಲ ಅಷ್ಟೇ ದೂರ ಬಂದುಹೋಗುತ್ತಾರೆ. ಓಟದ ಬೆಳಗ್ಗೆ ಕೊಡಬಹುದೇ? ಒಬ್ಬರಿಗೆ 45 ಸೆಕೆಂಡಿನಂತೆ 500 ಜನ, 5 ಕೌಂಟರ್: 75 ನಿಮಿಷ. ಎಂಟು ಕೌಂಟರ್ ಹಾಕಿದರೆ 47 ನಿಮಿಷ. ಕೌಂಟರನ್ನು ಹೆಸರಿನ ಮೊದಲಕ್ಷರದಿಂದ ವಿಂಗಡಿಸಿದರೆ ಕೆಲವು ಅಕ್ಷರಕ್ಕೆ ಉದ್ದ ಸಾಲು, ಕೆಲವು ಖಾಲಿ; ಬಿಬ್ ಸಂಖ್ಯೆಯಿಂದ ವಿಂಗಡಿಸಿ, ಸಂಖ್ಯೆಯನ್ನು ಮೂರು ದಿನ ಮೊದಲೇ ಫೋನಿಗೆ ಕಳಿಸಿ. ಗುಂಪಾಗಿ ಬರುವವರ ಬಿಬ್ ಒಬ್ಬರೇ ಪಡೆಯಬಹುದು.

ಓಟದ ಸಮಯವನ್ನು ಮೊದಲ ಬಸ್ಸು ಅಥವಾ ರೈಲು ತಲುಪಿ 45 ನಿಮಿಷದ ನಂತರಕ್ಕೆ ಇಡಿ. ಮೂವರು ಅಥವಾ ಹೆಚ್ಚು ಜನರಿರುವ ಕಾರಿಗೆ ಹತ್ತಿರದ ಪಾರ್ಕಿಂಗ್, ಒಬ್ಬರೇ ಬಂದವರಿಗೆ ದೂರದ್ದು. ಸೈಕಲ್ ನಿಲ್ಲಿಸಲು ಕಾವಲು ಇರುವ ಜಾಗ ಕೊಡಿ. ಕಾವಲು ಇಲ್ಲದಿದ್ದರೆ ಮಾರ್ಗದಲ್ಲಿ ಬೆವರು ಸುರಿಸುವವರು ಸೈಕಲ್ ಬಿಟ್ಟು ಬರುವ ಧೈರ್ಯ ಮಾಡುವುದಿಲ್ಲ.

ಹಂತ 7: ಸ್ಪಾನ್ಸರ್ ಮತ್ತು ಸ್ವಯಂಸೇವಕರು

ಸ್ಪಾನ್ಸರ್‌ಗೆ ಮಾರಬೇಕಾದದ್ದು ಬಾಳುವ ವಸ್ತು ಮತ್ತು ಸೇವೆ: ಮರುಬಳಕೆಯ ಕಪ್ಪಿನ ಮೇಲಿನ ಹೆಸರು, ನೀರು ತುಂಬುವ ಘಟಕ, ಪೇಸರ್‌ಗಳ (ನಿಗದಿತ ವೇಗದಲ್ಲಿ ಓಡಿ ಉಳಿದವರಿಗೆ ದಾರಿ ತೋರುವವರ) ಬಾವುಟ, ವೈದ್ಯಕೀಯ ಡೇರೆ. ಒಂದು ವರ್ಷದ ಬದಲು ಮೂರು ಆವೃತ್ತಿಯ ಒಪ್ಪಂದ ಕೇಳಿ, ಸಾಮಾನಿನ ಖರ್ಚು ಮೂರು ಪಾಲಾಗುತ್ತದೆ. ಸ್ಥಳದಲ್ಲಿ ಚೀಟಿ, ಬಲೂನು, ಸ್ಯಾಂಪಲ್ ಪೊಟ್ಟಣ ಹಂಚುವಂತಿಲ್ಲ ಎಂಬ ಸಾಲು ಒಪ್ಪಂದದಲ್ಲೇ ಇರಲಿ, ಬಾಯಿಮಾತು ಓಟದ ದಿನ ನಿಲ್ಲುವುದಿಲ್ಲ. ಓಟಗಾರರ ಫೋನ್ ಸಂಖ್ಯೆಯನ್ನು ಅವರ ಪ್ರತ್ಯೇಕ ಒಪ್ಪಿಗೆಯಿಲ್ಲದೆ ಯಾವ ಸ್ಪಾನ್ಸರ್‌ಗೂ ಕೊಡಬೇಡಿ.

ಪುಕ್ಕಟೆ ದುಡಿಯುವ ಸ್ವಯಂಸೇವಕರ ಬೆವರಿನ ಮೇಲೆ ಲಾಭದ ಓಟ ಕಟ್ಟುವುದು ಸರಿಯೂ ಅಲ್ಲ, ಬಾಳುವುದೂ ಇಲ್ಲ. ಎರಡನೆಯ ವರ್ಷ ಅವರು ಬರುವುದಿಲ್ಲ. ತಿರುವಿಗೊಬ್ಬರು, ಟೇಬಲಿಗಿಷ್ಟು ಎಂದು ಜಾಗ ಎಣಿಸಿ, ಕ್ರೀಡಾ ಸಂಘ ಅಥವಾ ಕಾಲೇಜಿಗೆ ಜಾಗವೊಂದಕ್ಕೆ ಇಷ್ಟು ಎಂದು ಹಣ ಕೊಟ್ಟು ಒಪ್ಪಿಸಿ. ಬಾರದವರ ಹೊಣೆ ಆಗ ಸಂಘದ್ದಾಗುತ್ತದೆ.

ಹಂತ 8: ಕಸವನ್ನು ತೂಗಿ

ಹಸಿ, ಮರುಬಳಕೆ, ಉಳಿದದ್ದು: ಮೂರು ಡಬ್ಬಗಳು ಯಾವಾಗಲೂ ಒಟ್ಟಿಗೆ. ಒಂಟಿಯಾಗಿಟ್ಟ ಡಬ್ಬಕ್ಕೆ ಎಲ್ಲವೂ ಬೀಳುತ್ತದೆ. ಮುಕ್ತಾಯದ ಬಳಿಯ ಜೋಡಣೆಗೆ ಮೊದಲ ಓಟಗಾರ ಬಂದಾಗಿನಿಂದ ಎರಡು ಗಂಟೆ ಒಬ್ಬರು ನಿಂತು ‘ಇದು ಅಲ್ಲಿಗೆ’ ಎಂದು ತೋರಿಸಬೇಕು, ಫಲಕ ಎಷ್ಟೇ ದೊಡ್ಡದಿದ್ದರೂ ಜನ ಮುಂದೆ ಹಾಕಿದವರನ್ನು ನೋಡಿ ಹಾಕುತ್ತಾರೆ. 50 ಕಿಲೊ ತೂಗುವ ಕೊಕ್ಕೆ ತಕ್ಕಡಿಯಿಂದ ಪ್ರತಿ ಚೀಲ ತೂಗಿ ಬರೆಯಿರಿ. ಹಸಿ ಮತ್ತು ಮರುಬಳಕೆಯ ತೂಕವನ್ನು ಒಟ್ಟು ತೂಕದಿಂದ ಭಾಗಿಸಿದರೆ ನಿಮ್ಮ ಪ್ರಮಾಣ ಸಿಗುತ್ತದೆ. ‘ಶೂನ್ಯ ತ್ಯಾಜ್ಯ’ ಎಂದು ಹೇಳಿಕೊಳ್ಳಲು ಸಾಮಾನ್ಯವಾಗಿ ಶೇ. 90 ದಾಟಬೇಕು. ತೂಗದವರು ಆ ಮಾತು ಪೋಸ್ಟರಿನಲ್ಲಿ ಹಾಕಬಾರದು. ‘ಪ್ರತಿ ಓಟಗಾರನಿಗೆ ಇಷ್ಟು ಗ್ರಾಂ ಕಸ’ ಎಂಬ ಸಾದಾ ಅಂಕಿ ಹೆಚ್ಚು ನಂಬಿಕೆ ಗಳಿಸುತ್ತದೆ.

ಐಎಸ್ಒ 20121 ಎಂಬ ಅಂತರರಾಷ್ಟ್ರೀಯ ಮಾನದಂಡ ಇಂಥ ಕಾರ್ಯಕ್ರಮಗಳಿಗೆಂದೇ 2012ರಲ್ಲಿ ಬಂತು, 2024ರಲ್ಲಿ ಪರಿಷ್ಕೃತವಾಯಿತು. 500 ಜನರ ಓಟಕ್ಕೆ ಪ್ರಮಾಣಪತ್ರದ ಖರ್ಚು ಬೇಡ. ಗುರಿ ಬರೆ, ಅಳೆ, ಮುಂದಿನ ಸಲ ತಿದ್ದು ಎಂಬ ಅದರ ಕ್ರಮವನ್ನಷ್ಟು ತೆಗೆದುಕೊಳ್ಳಿ.

ಪಂದ್ಯಾವಳಿ ನಡೆಸುವವರಿಗೆ

ಇಲ್ಲಿ ವಿದ್ಯುತ್ತು, ಮೈದಾನದ ಬಾಡಿಗೆ, ರೆಫರಿ ಖರ್ಚು ಎಲ್ಲವನ್ನೂ ತೀರ್ಮಾನಿಸುವುದು ಪಂದ್ಯಗಳ ಸಂಖ್ಯೆ. 16 ತಂಡಗಳ ನೇರ ನಾಕೌಟ್ ಎಂದರೆ 15 ಪಂದ್ಯ; ಅರ್ಧ ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ, ಮುಂದಿನ ವರ್ಷ ಶುಲ್ಕ ಕೊಡಲು ಹಿಂಜರಿಯುತ್ತವೆ. ಎಲ್ಲರೂ ಎಲ್ಲರೊಂದಿಗೆ ಆಡಿದರೆ 120 ಪಂದ್ಯ, ಹವ್ಯಾಸಿಗಳಿಗೆ ಆಗದ ಮಾತು. ನಾಲ್ಕರ ನಾಲ್ಕು ಗುಂಪು ಮಾಡಿದರೆ 24, ಮೇಲಿನ ಎಂಟು ತಂಡಗಳ ನಾಕೌಟ್ 7, ಮೂರನೆಯ ಸ್ಥಾನಕ್ಕೆ 1, ಒಟ್ಟು 32. ಪ್ರತಿ ತಂಡಕ್ಕೂ ಕನಿಷ್ಠ ಮೂರು ಪಂದ್ಯ ಖಾತ್ರಿ. ಒಂದಕ್ಕೆ ಬಿಡುವೂ ಸೇರಿ 50 ನಿಮಿಷವಾದರೆ ಎರಡು ಅಂಗಳಗಳಲ್ಲಿ 13 ಗಂಟೆ 20 ನಿಮಿಷ. ಒಂದೇ ದಿನದಲ್ಲಿ ತುರುಕಿದರೆ ಫ್ಲಡ್‌ಲೈಟ್ ಬೇಕು. ಎರಡು ದಿನಕ್ಕೆ ಹಂಚಿದರೆ ಹಗಲು ಬೆಳಕೇ ಸಾಕು, ಆದರೆ ದೂರದ ತಂಡಗಳಿಗೆ ಎರಡು ಸಲದ ಪ್ರಯಾಣ. ಗುಂಪು ಹಂತವನ್ನು ಮೊದಲ ದಿನ, ನಾಕೌಟನ್ನು ಎರಡನೆಯ ದಿನ ಇಟ್ಟರೆ ಎಂಟು ತಂಡಗಳಿಗೆ ಆ ಎರಡನೆಯ ಪ್ರಯಾಣ ತಪ್ಪುತ್ತದೆ. ಆದರೆ ಮೊದಲ ದಿನವೇ 24 ಪಂದ್ಯ, ಎರಡು ಅಂಗಳದಲ್ಲಿ 10 ಗಂಟೆ. ಹಗಲು ಚಿಕ್ಕದಾದ ತಿಂಗಳುಗಳಲ್ಲಿ ಮೂರನೆಯ ಅಂಗಳ ಬೇಕಾದೀತು.

ವರ್ಷವರ್ಷವೂ ಕೈಬದಲಾಗುವ ಒಂದೇ ಟ್ರೋಫಿ ಇಟ್ಟುಕೊಳ್ಳಿ, ಗೆದ್ದ ತಂಡದ ಹೆಸರನ್ನು ಪೀಠಕ್ಕೆ ಕೆತ್ತಿಸಿ. ಗೆದ್ದವರು ಮುಂದಿನ ಸಲ ಅದನ್ನು ಹಿಂದಿರುಗಿಸಲಿಕ್ಕಾದರೂ ನೋಂದಣಿ ಮಾಡಿಸುತ್ತಾರೆ.

ಮುಗಿದ ಮೂರು ದಿನದೊಳಗೆ

ಫಲಿತಾಂಶ ಹಾಕಿ, ಬಾಕಿ ತೀರಿಸಿ, ಸಾಮಾನು ಎಣಿಸಿ. ಮೂರು ಅಂಕಿ ಬರೆದಿಡಿ: ನೋಂದಾಯಿಸಿ ಬಾರದವರು ಎಷ್ಟು ಪ್ರತಿಶತ, ತಲೆಗೆ ಎಷ್ಟು ಗ್ರಾಂ ಕಸ, ಹೋದ ಸಲ ಓಡಿದವರಲ್ಲಿ ಮತ್ತೆ ಬಂದವರು ಎಷ್ಟು. ಮೊದಲನೆಯದು ಮುಂದಿನ ಬಾರಿಯ ಆಹಾರದ ಪ್ರಮಾಣ ಹೇಳುತ್ತದೆ. ಮೂರನೆಯದು ಇಳಿಯುತ್ತಿದ್ದರೆ ಜಾಹೀರಾತಿಗೆ ಹಣ ಸುರಿಯುವ ಮುನ್ನ ಮಾರ್ಗ, ಶೌಚಾಲಯ, ಫಲಿತಾಂಶದ ವಿಳಂಬ ಇವುಗಳತ್ತ ನೋಡಿ. ಮಿಗುತಾಯವನ್ನು ಒಂದು ಓಟದ ಸ್ಥಿರ ಖರ್ಚಿನಷ್ಟು, ಈ ಉದಾಹರಣೆಯಲ್ಲಿ 18,000, ಮೀಸಲು ತುಂಬುವ ತನಕ ಹಂಚಿಕೊಳ್ಳಬೇಡಿ. ಮಳೆಗೆ ಓಟ ರದ್ದಾದ ವರ್ಷ ಶುಲ್ಕ ಹಿಂದಿರುಗಿಸಲು ಬೇಕಾಗುವುದು ಅದೇ. ಉಳಿದ ಮೆಡಲ್, ಪಿನ್, ಕಪ್, ಬ್ಯಾನರುಗಳ ಎಣಿಕೆಯನ್ನು ಮುಂದಿನ ಓಟದ ಖರೀದಿ ಪಟ್ಟಿಯ ತಲೆಗೆ ಬರೆದು, ಅದನ್ನು ಕಳೆದ ಮೇಲೆ ಬರುವ ಸಂಖ್ಯೆಗಷ್ಟೇ ಆರ್ಡರ್ ಕೊಡಿ.